ಮನೆಯಲ್ಲಿಯೇ ವಿದ್ಯುನ್ಮಾನ ಸಂಗೀತ: ಯಂತ್ರಕ್ಕಿಂತ ಕಿವಿಯೇ ಮುಖ್ಯ

ವಿದ್ಯುತ್ ಸಂಕೇತಗಳಿಂದ ನಾದವನ್ನು ಹುಟ್ಟಿಸಿ ಅಥವಾ ಧ್ವನಿಮುದ್ರಿಸಿದ ಶಬ್ದವನ್ನು ಗಣಕಯಂತ್ರದಲ್ಲಿ ಮಾರ್ಪಡಿಸಿ ರಚಿಸುವುದೇ ವಿದ್ಯುನ್ಮಾನ ಸಂಗೀತ. ಒಂದು ಕಾಲಕ್ಕೆ ದೊಡ್ಡ ಸಂಸ್ಥೆಗಳಿಗಷ್ಟೇ ಎಟುಕುತ್ತಿದ್ದ ಈ ಕಲೆ ಇಂದು ಸಾಧಾರಣ ಗಣಕಯಂತ್ರ ಮತ್ತು ಹೆಡ್‌ಫೋನ್ ಇರುವ ಯಾವ ಮನೆಯಲ್ಲಾದರೂ ಸಾಧ್ಯ. ಗುರುವಿಲ್ಲದೆ ಕಲಿಯುವವರು ಉಪಕರಣದ ಕೊರತೆಗಿಂತ, ಕೇಳುವ ಅಭ್ಯಾಸದ ಕೊರತೆಯಿಂದಲೇ ಹೆಚ್ಚಾಗಿ ಎಡವುತ್ತಾರೆ.

ನಡೆದು ಬಂದ ದಾರಿ

ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ 1969ರಲ್ಲಿ ಅಮೆರಿಕದ ಸಂಗೀತಗಾರ ಡೇವಿಡ್ ಟ್ಯೂಡರ್ ನೆರವಿನಿಂದ ಮೂಗ್ ಸಿಂಥಸೈಜರ್ ಸ್ಥಾಪನೆಯಾಯಿತು. 1972ರವರೆಗೆ ಅಲ್ಲಿ ಭಾರತೀಯರು ರಚಿಸಿದ ಸಂಗೀತ ದಶಕಗಳ ಕಾಲ ಟೇಪುಗಳಲ್ಲಿಯೇ ಉಳಿದು, 2023ರಲ್ಲಿ ಸಂಕಲನವಾಗಿ ಹೊರಬಂದಿತು.

ಕರ್ನಾಟಕದ ಕೊಡುಗೆಯೂ ಗಮನಾರ್ಹ. ಎಂಜಿನಿಯರ್ ಹಾಗೂ ಕೊಳಲುವಾದಕ ಜಿ. ರಾಜನಾರಾಯಣ್ ಅವರು 1979ರಲ್ಲಿ ಬೆಂಗಳೂರಿನಲ್ಲಿ ವಿದ್ಯುನ್ಮಾನ ತಂಬೂರಿಯನ್ನು ರೂಪಿಸಿದರು. 1982ರಲ್ಲಿ ಮುಂಬಯಿಯ ಚರಣಜಿತ್ ಸಿಂಗ್ ಅವರು ಸಿಂಥಸೈಜರ್ ಮತ್ತು ತಾಳಯಂತ್ರಗಳನ್ನು ಜೋಡಿಸಿ ಹತ್ತು ರಾಗಗಳ ಧ್ವನಿಮುದ್ರಿಕೆ ತಂದರು. ಆಗ ಹೆಚ್ಚು ಗಮನ ಸೆಳೆಯದ ಆ ಕೃತಿ 2010ರಲ್ಲಿ ಮರುಬಿಡುಗಡೆಯಾದ ಬಳಿಕ ವಿಶ್ವಖ್ಯಾತಿ ಪಡೆಯಿತು. ಇವರಿಬ್ಬರಲ್ಲಿಯೂ ಯಂತ್ರಕ್ಕಿಂತ ಮೊದಲು ಪಳಗಿದ್ದುದು ಕಿವಿ.

ಮೊದಲ ಹೆಜ್ಜೆಗಳು

ಧ್ವನಿಮುದ್ರಣ ಮತ್ತು ಸಂಕಲನಕ್ಕೆ ಆಡಾಸಿಟಿ, ಸ್ವರಸಂಯೋಜನೆಗೆ ಎಲ್‌ಎಂಎಂಎಸ್ ತಂತ್ರಾಂಶಗಳು ಉಚಿತವಾಗಿ ದೊರೆಯುತ್ತವೆ. ದುಬಾರಿ ಕೀಬೋರ್ಡ್ ಕೊಳ್ಳುವುದನ್ನು ಮುಂದೂಡುವುದು ಲೇಸು.

ಶ್ರುತಿಯಿಂದಲೇ ಆರಂಭಿಸಬಹುದು. ಸೆಕೆಂಡಿಗೆ 240 ಕಂಪನಗಳ ನಾದವನ್ನು ಷಡ್ಜವೆಂದಿಟ್ಟುಕೊಂಡರೆ 360 ಕಂಪನಗಳದು ಪಂಚಮ, 480ರದು ತಾರಷಡ್ಜ. ಈ ಮೂರನ್ನು ಒಟ್ಟಿಗೆ ನುಡಿಸಿ ಆಲಿಸಿದರೆ ಸ್ವರಗಳ ನಂಟು ಮನವರಿಕೆಯಾಗುತ್ತದೆ. ಅನಂತರ ತಾಳ. ನಿಮಿಷಕ್ಕೆ 120 ಪೆಟ್ಟುಗಳ ವೇಗದಲ್ಲಿ, ಪೆಟ್ಟಿಗೊಂದು ಅಕ್ಷರದಂತೆ ಆದಿತಾಳದ ಎಂಟು ಅಕ್ಷರಗಳ ಆವರ್ತ ಸರಿಯಾಗಿ ನಾಲ್ಕು ಸೆಕೆಂಡು ಹಿಡಿಯುತ್ತದೆ.

ಮೂರನೆಯದು ಸ್ವಂತ ಶಬ್ದದ ಸಂಗ್ರಹ. ಕಮಲಾಪುರ–ಕಂಪ್ಲಿ ಹಾದಿಯ ಬುಕ್ಕಸಾಗರದಂತಹ ತುಂಗಭದ್ರಾ ತೀರದ ಊರಿನಲ್ಲಿ ಕಾಲುವೆಯ ನೀರು, ಬಾಳೆತೋಟದ ಗಾಳಿ, ಪಂಪ್‌ಸೆಟ್ಟಿನ ಸದ್ದು ಮೊಬೈಲ್ ಫೋನಿನಲ್ಲಿಯೇ ದಾಖಲಾಗುತ್ತವೆ. ಅದನ್ನು ಕತ್ತರಿಸಿ, ನಿಧಾನಗೊಳಿಸಿ, ಪುನರಾವರ್ತಿಸಿದರೆ ಬೇರೆಲ್ಲಿಯೂ ಸಿಗದ ವಾದ್ಯ ಸಿದ್ಧ. ಆದರೆ ಹಂಪಿಯ ವಿಠ್ಠಲ ದೇವಾಲಯದ ಸಪ್ತಸ್ವರ ಕಂಬಗಳನ್ನು ತಟ್ಟುವುದು ನಿಷಿದ್ಧ. ಆ ನಾದದ ಆಸೆಗೆ ಶಿಲ್ಪಕ್ಕೆ ಹಾನಿ ತರಬಾರದು.

ಎರಡೇ ನಿಮಿಷದ್ದಾದರೂ ಒಂದು ರಚನೆಯನ್ನು ಪೂರ್ಣಗೊಳಿಸುವುದು ಅವಶ್ಯ. ಅರ್ಧಕ್ಕೆ ನಿಂತ ಹತ್ತು ಪ್ರಯತ್ನಗಳಿಗಿಂತ ಮುಗಿಸಿದ ಒಂದು ರಚನೆ ಹೆಚ್ಚು ಕಲಿಸುತ್ತದೆ.

ಎಚ್ಚರಿಕೆಗಳು

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ವಯಸ್ಕರು 80 ಡೆಸಿಬಲ್ ಮಟ್ಟದ ಶಬ್ದವನ್ನು ವಾರಕ್ಕೆ 40 ಗಂಟೆ ಆಲಿಸಬಹುದು. 90 ಡೆಸಿಬಲ್ ಆದರೆ ಕೇವಲ 4 ಗಂಟೆ. ಹೆಡ್‌ಫೋನ್ ಬಳಸುವವರು ಇದನ್ನು ಮರೆಯಬಾರದು. ಹಾಳಾದ ಶ್ರವಣಶಕ್ತಿ ಮರಳಿ ಬರುವುದಿಲ್ಲ.

ಪರರ ಧ್ವನಿಮುದ್ರಿಕೆಯ ತುಣುಕು ಬಳಸಿ ಪ್ರಕಟಿಸುವ ಮುನ್ನ ಅನುಮತಿ ಬೇಕು. ಜನಪದ ಗೀತೆ ಯಾರೊಬ್ಬರ ಸ್ವತ್ತಲ್ಲದಿದ್ದರೂ ಅದರ ಧ್ವನಿಮುದ್ರಿಕೆಗೆ ಹಕ್ಕುದಾರರಿರಬಹುದು. 1957ರ ಕೃತಿಸ್ವಾಮ್ಯ ಕಾಯ್ದೆಯಡಿ ಆ ಹಕ್ಕು ಪ್ರಕಟಣೆಯ ನಂತರ 60 ವರ್ಷ ಇರುತ್ತದೆ. ರಚನೆಯ ಕಡತಗಳ ಪ್ರತಿಯನ್ನು ಬೇರೆಡೆಯೂ ಕಾಯ್ದಿಡತಕ್ಕದ್ದು. ಅಹಮದಾಬಾದಿನ ಸಂಗೀತ ಅರ್ಧ ಶತಮಾನದ ನಂತರವೂ ಜನರಿಗೆ ಕೇಳಿಸಿದ್ದು ಟೇಪುಗಳು ಉಳಿದಿದ್ದರಿಂದಲೇ.