ಬಿಸಿಲು ಎಲ್ಲರಿಗೂ ಒಂದೇ, ರಿಪೇರಿ ಒಂದೇ ಅಲ್ಲ

1/5
ಏಪ್ರಿಲ್ ಮಧ್ಯಾಹ್ನ ಅಲ್ಲಾಳಸಂದ್ರ ಕೆರೆ ಏರಿ ಮೇಲೆ ಸ್ವಲ್ಪ ಹೊತ್ತು ನಡೆದ್ರೆ ಸಾಕು, ನಮ್ಮ ಚರ್ಮದ ಜೀವಕೋಶಗಳ ಡಿಎನ್‌ಎ ಅಲ್ಲಲ್ಲಿ ಕೆಡುತ್ತೆ. ಬಿಸಿಲಿನ ನೇರಳಾತೀತ ಕಿರಣ ಬಿದ್ದಾಗ ಡಿಎನ್‌ಎ ಎಳೆಯಲ್ಲಿ ಅಕ್ಕಪಕ್ಕ ಇರೋ ಎರಡು ಅಕ್ಷರಗಳು, ಹೆಚ್ಚಾಗಿ ಎರಡು ಥೈಮಿನ್‌ಗಳು, ಒಂದಕ್ಕೊಂದು ಅಂಟಿಕೊಳ್ತವೆ. ಇದಕ್ಕೆ ಡೈಮರ್ ಅಂತ ಹೆಸರು.

ಆದ್ರೂ ನಮಗೇನೂ ಆಗಲ್ಲ. ಯಾಕೆ ಗೊತ್ತಾ? ಜೀವಕೋಶದಲ್ಲಿ ಒಂದು ರಿಪೇರಿ ತಂಡ ಇದೆ. ಕೆಟ್ಟ ಜಾಗ ಹುಡುಕಿ, ಸುಮಾರು 30 ಅಕ್ಷರಗಳ ತುಂಡನ್ನ ಕತ್ತರಿಸಿ ತೆಗೆದು, ಎದುರಿನ ಎಳೆ ನೋಡ್ಕೊಂಡು ಹೊಸದಾಗಿ ತುಂಬುತ್ತೆ. ಆ ತಂಡವೇ ಇಲ್ಲದಿದ್ರೆ?

2/5
1870ರ ದಶಕದಲ್ಲಿ ವಿಯೆನ್ನಾದ ಚರ್ಮವೈದ್ಯ ಮೊರಿಟ್ಸ್ ಕಪೋಸಿ ಒಂದು ವಿಚಿತ್ರ ಕಾಯಿಲೆಯನ್ನ ವಿವರಿಸಿದ್ರು. ಬಿಸಿಲು ತಾಗಿದ ಕಡೆಯೆಲ್ಲ ಮಕ್ಕಳ ಚರ್ಮ ಒಣಗಿ, ಕಪ್ಪು ಚುಕ್ಕೆ ತುಂಬಿ, ಶಾಲೆಗೆ ಹೋಗೋ ವಯಸ್ಸಿಗೇ ಕ್ಯಾನ್ಸರ್ ಬರ್ತಿತ್ತು. ಮುಂದೆ ಇದಕ್ಕೆ ಝೀರೋಡರ್ಮಾ ಪಿಗ್ಮೆಂಟೋಸಮ್, ಚಿಕ್ಕದಾಗಿ ಎಕ್ಸ್‌ಪಿ, ಅಂತ ಹೆಸರಾಯ್ತು. ಕಾರಣ ಮಾತ್ರ ಸುಮಾರು ನೂರು ವರ್ಷ ಯಾರಿಗೂ ತಿಳಿಲಿಲ್ಲ.

3/5
ಸುಳಿವು ಸಿಕ್ಕಿದ್ದು ಬ್ಯಾಕ್ಟೀರಿಯಾದಿಂದ. ಅವು ಡೈಮರ್‌ಗಳನ್ನ ಕತ್ತರಿಸಿ ಹೊರಗೆ ಹಾಕ್ತವೆ ಅಂತ 1964ರಲ್ಲಿ ಗೊತ್ತಾಯ್ತು. ಆಗ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಡಿಎನ್‌ಎ ರಿಪೇರಿ ಬಗ್ಗೆ ಕೆಲಸ ಮಾಡ್ತಿದ್ದ ಜೇಮ್ಸ್ ಕ್ಲೀವರ್, ಎಕ್ಸ್‌ಪಿ ಬಗ್ಗೆ ಓದಿದ್ದು ಯಾವುದೋ ದೊಡ್ಡ ಗ್ರಂಥದಲ್ಲಲ್ಲ, ದಿನಪತ್ರಿಕೆಯಲ್ಲಿ! ರೋಗಿಗಳ ಚರ್ಮದ ಕೋಶಗಳನ್ನ ತರಿಸಿ ನೋಡಿದ್ರೆ ರಿಪೇರಿ ತೀರಾ ಕಮ್ಮಿ. 1968ರಲ್ಲಿ ಅದು 'ನೇಚರ್' ಪತ್ರಿಕೆಯಲ್ಲಿ ಬಂತು. 1972ರಲ್ಲಿ ನೆದರ್ಲೆಂಡ್ಸ್‌ನ ರಾಟರ್‌ಡ್ಯಾಮ್‌ನಲ್ಲಿ ಬೇರೆ ಬೇರೆ ರೋಗಿಗಳ ಕೋಶಗಳನ್ನ ಬೆಸೆದಾಗ ಕೆಲವು ಜೋಡಿಗಳಲ್ಲಿ ರಿಪೇರಿ ವಾಪಸ್ ಬಂತು. ಒಬ್ಬರಲ್ಲಿ ಇಲ್ಲದ ಭಾಗ ಇನ್ನೊಬ್ಬರಲ್ಲಿತ್ತು. ಅಂದ್ರೆ ಈ ತಂಡ ನಡೆಯೋಕೆ ಹಲವು ಜೀನ್‌ಗಳು ಬೇಕು.

4/5
ಈಗ ಮುಖ್ಯವಾದ ಪ್ರಶ್ನೆ: ಮ್ಯುಟೇಶನ್ ಹುಟ್ಟೋದು ಯಾವಾಗ? ಅಮೆರಿಕದ ಮಿಶಿಗನ್‌ನಲ್ಲಿ ವೆರೋನಿಕಾ ಮಾಹರ್ ಮತ್ತು ಜಸ್ಟಿನ್ ಮೆಕಾರ್ಮಿಕ್ 1970ರ ದಶಕದಲ್ಲಿ ಇದನ್ನ ಪರೀಕ್ಷೆ ಮಾಡಿದ್ರು. ನೇರಳಾತೀತ ಕಿರಣ ಬಿಟ್ಟ ಕೋಶಗಳನ್ನ ಕೆಲವು ದಿನ ವಿಭಜನೆ ಆಗದಂತೆ ತಡೆದಿಟ್ರು. ಆರೋಗ್ಯವಂತರ ಕೋಶಗಳಲ್ಲಿ ಮ್ಯುಟೇಶನ್ ಇಳಿಯಿತು, ರಿಪೇರಿಗೆ ಟೈಮ್ ಸಿಕ್ತು ನೋಡಿ. ರಿಪೇರಿ ಬಾರದ ಎಕ್ಸ್‌ಪಿ ಕೋಶಗಳಲ್ಲಿ ಎಷ್ಟು ಕಾದ್ರೂ ಇಳಿಲಿಲ್ಲ. ಅಂದ್ರೆ ಬಿಸಿಲು ಮಾಡೋದು ಗಾಯ. ಆ ಗಾಯ ವಾಸಿಯಾಗೋ ಮೊದಲೇ ಕೋಶ ತನ್ನ ಡಿಎನ್‌ಎ ನಕಲು ಮಾಡಿದ್ರೆ ಅದು ಶಾಶ್ವತ ತಪ್ಪಾಗುತ್ತೆ. ಹೆಚ್ಚಾಗಿ 'ಸಿ' ಇದ್ದ ಕಡೆ 'ಟಿ' ಬರುತ್ತೆ. ಬಿಸಿಲಿನ ಈ ಗುರುತು 1991ರಲ್ಲಿ ಚರ್ಮದ ಕ್ಯಾನ್ಸರ್‌ಗಳ ಪಿ53 ಜೀನ್‌ನಲ್ಲೂ ಸಿಕ್ತು. 2015ರ ಕೆಮಿಸ್ಟ್ರಿ ನೊಬೆಲ್ ಡಿಎನ್‌ಎ ರಿಪೇರಿಗೇ ಹೋಯ್ತು.

5/5
ಈ ಕತೆ ನಮ್ಮ ಪಕ್ಕದಲ್ಲೂ ನಡೀತಿದೆ. ಜಿಕೆವಿಕೆ ಕ್ಯಾಂಪಸ್‌ನ ಎನ್‌ಸಿಬಿಎಸ್‌ನಲ್ಲಿ ಅಂಜನಾ ಬದ್ರಿನಾರಾಯಣನ್ ಅವರ ತಂಡ 2021ರಲ್ಲಿ ಬ್ಯಾಕ್ಟೀರಿಯಾದಲ್ಲಿ ಹೊಸ ವಿಷಯ ತೋರಿಸ್ತು: ನಕಲು ನಡೆಯದಿದ್ದಾಗಲೂ, ರಿಪೇರಿಯಲ್ಲಿ ಕತ್ತರಿಸಿದ ಜಾಗವನ್ನ ತಪ್ಪು ಮಾಡೋ ಸ್ವಭಾವದ ಕಿಣ್ವವೊಂದು ತುಂಬಬಲ್ಲದು.

ಇನ್ನೊಂದು ಮಾತು ನಮ್ಮ ಮನೆಗಳದ್ದು. ಅಪ್ಪ ಅಮ್ಮ ಇಬ್ಬರಿಂದಲೂ ಕೆಟ್ಟ ಪ್ರತಿ ಬಂದ್ರೆ ಮಾತ್ರ ಮಗುವಿಗೆ ಎಕ್ಸ್‌ಪಿ ಬರೋದು. 1980ರ ದಶಕದಲ್ಲಿ ಐಐಎಸ್‌ಸಿಯ ಎನ್. ಅಪ್ಪಾಜಿ ರಾವ್ ಮತ್ತು ಸಂಗಡಿಗರು ಬೇರೆ ಆನುವಂಶಿಕ ಕಾಯಿಲೆಗಳಿಗಾಗಿ ಕರ್ನಾಟಕದ ನವಜಾತ ಶಿಶುಗಳನ್ನ ಪರೀಕ್ಷಿಸಿದಾಗ, ಸುಮಾರು ಮೂರನೇ ಒಂದು ಭಾಗ ಮದುವೆಗಳು ಸಂಬಂಧದಲ್ಲೇ ಆಗಿದ್ದವು: ಸೋದರಮಾವ, ಅತ್ತೆ ಮಗ, ಮಾವನ ಮಗಳು. ಇಂಥ ಮದುವೆಯಲ್ಲಿ ಒಂದೇ ಕೆಟ್ಟ ಪ್ರತಿ ಎರಡೂ ಕಡೆಯಿಂದ ಬರೋ ಸಾಧ್ಯತೆ ಜಾಸ್ತಿ.

ಹಾಗಾಗಿ ಕೊಡೆ ಹಿಡ್ಕೊಂಡು, ತುಂಬು ತೋಳಿನ ಬಟ್ಟೆ ಹಾಕ್ಕೊಂಡು, ಪಿಟಿ ಪೀರಿಯಡ್‌ನಲ್ಲಿ ಒಳಗೇ ಕೂರೋ ಮಗು ಕಂಡ್ರೆ ಶಾಪ, ದೃಷ್ಟಿ, ಗ್ರಹಣ ಅನ್ನಬೇಡಿ. ಅಂಟುರೋಗ ಅಂತ ದೂರ ಸರಿಯಬೇಡಿ. ಪಕ್ಕದಲ್ಲಿ ಕೂತು ಆಟಕ್ಕೆ ಸೇರಿಸ್ಕೊಳ್ಳಿ. ನಮಗೂ ಆ ಮಗುವಿಗೂ ಬೀಳೋ ಬಿಸಿಲು ಒಂದೇ. ನಮ್ಮ ರಿಪೇರಿ ತಂಡ ಕೆಲಸಕ್ಕೆ ಬರ್ತಿದೆ, ಅಷ್ಟೇ.

#ವಿಜ್ಞಾನದ_ಇತಿಹಾಸ #ಡಿಎನ್‌ಎ #ಅಲ್ಲಾಳಸಂದ್ರ