ಲಕೋಟೆಯಲ್ಲಿ ಬಂದ ಸಿನಿಮಾ, ಧಣಿಯ ಕೈಯಲ್ಲೇ ಉಳಿದ ಸಿನಿಮಾ

ಸಿನಿಮಾ ನೋಡೋದಕ್ಕೆ ಸ್ಟ್ರೀಮಿಂಗ್ ಕಂಪನಿಗೆ ತಿಂಗಳ ಚಂದಾ ಕಟ್ಟಬೇಕೋ, ಡಿಸ್ಕು ಬಾಡಿಗೆಗೆ ತರಬೇಕೋ ಎಂಬುದು ಮೇಲುನೋಟಕ್ಕೆ ಅನುಕೂಲದ ಪ್ರಶ್ನೆ. ಯಾವುದು ಅಗ್ಗ, ಯಾವುದು ಬೇಗ, ಅಷ್ಟೇ. ಆದರೆ ಈ ಎರಡೂ ವ್ಯಾಪಾರಗಳು ಬೆಳೆದ ಅಮೆರಿಕದ ಚರಿತ್ರೆಯನ್ನು ಕೆದಕಿದರೆ ಒಳಗಿರುವುದು ಒಡೆತನದ ಜಗಳ. ವಸ್ತು ಯಾರ ಕೈಲಿದೆ? ಕೊಟ್ಟದ್ದನ್ನು ವಾಪಸು ಕಿತ್ತುಕೊಳ್ಳುವ ಅಧಿಕಾರ ಯಾರಿಗಿದೆ?

ಕತೆ ಶುರುವಾಗುವುದು ಸಿನಿಮಾದಿಂದಲ್ಲ, ಪುಸ್ತಕದಿಂದ. ಬಾಬ್ಸ್-ಮೆರಿಲ್ ಎಂಬ ಪ್ರಕಾಶನ ಸಂಸ್ಥೆ ತನ್ನ ಒಂದು ಕಾದಂಬರಿಯ ಒಳಪುಟದಲ್ಲಿ ಕಟ್ಟಳೆ ಅಚ್ಚು ಹಾಕಿಸಿತು: ಇದನ್ನು 1 ಡಾಲರಿಗಿಂತ ಕಡಿಮೆಗೆ ಯಾರೂ ಮಾರಕೂಡದು. ನ್ಯೂಯಾರ್ಕಿನ ಮೇಸಿ ಅಂಗಡಿಯವರು 89 ಸೆಂಟಿಗೆ ಮಾರಿದರು. ದಾವೆ ಬಿತ್ತು. 1908ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಅಂಗಡಿಯವರ ಪರ ನಿಂತಿತು. ಒಂದು ಸಲ ಮಾರಿದ ಮೇಲೆ ಆ ಪ್ರತಿಯ ಮೇಲೆ ನಿನ್ನ ಯಜಮಾನಿಕೆ ಮುಗೀತು ಎಂಬುದು ತೀರ್ಪಿನ ತಿರುಳು. ಮುಂದೆ ಇದು ಕಾನೂನಾಯಿತು. ಕೊಂಡವನು ಆ ಪ್ರತಿಯನ್ನು ಮಾರಬಹುದು, ಎರವಲು ಕೊಡಬಹುದು, ಬಾಡಿಗೆಗೂ ಬಿಡಬಹುದು. ಬರೆದವನನ್ನಾಗಲಿ, ಅಚ್ಚು ಹಾಕಿದವನನ್ನಾಗಲಿ ಕೇಳಬೇಕಾಗಿಲ್ಲ.

ಈ ಸಂದಿಯಲ್ಲೇ ವಿಡಿಯೋ ಅಂಗಡಿ ಹುಟ್ಟಿದ್ದು. 1977ರಲ್ಲಿ ಫಾಕ್ಸ್ ಸ್ಟುಡಿಯೋದ 50 ಚಿತ್ರಗಳು ಕ್ಯಾಸೆಟ್ಟಾಗಿ ಮಾರಾಟಕ್ಕೆ ಬಂದವು. ಜಾರ್ಜ್ ಅಟ್ಕಿನ್‌ಸನ್ ಎಂಬಾತ ಅವನ್ನೇ ಕೊಂಡು ಲಾಸ್ ಏಂಜಲೀಸ್‌ನಲ್ಲಿ ದಿನಕ್ಕೆ 10 ಡಾಲರಿನಂತೆ ಬಾಡಿಗೆಗೆ ಬಿಟ್ಟ. ಸ್ಟುಡಿಯೋಗಳು ಹೌಹಾರಿದವು. ಬಾಡಿಗೆಯಲ್ಲಿ ತಮಗೂ ಪಾಲು ಬರುವ ಕಾನೂನು ಬೇಕು ಅಂತ ಸಂಸತ್ತಿನ ಬಾಗಿಲು ತಟ್ಟಿದವು. ಹಾಡಿನ ರೆಕಾರ್ಡುಗಳ ಬಾಡಿಗೆಗೆ 1984ರಲ್ಲಿ ಅಲ್ಲಿ ಅಂಥದೇ ಕಟ್ಟು ಬಿತ್ತು. ಸಿನಿಮಾ ಹೇಗೋ ತಪ್ಪಿಸಿಕೊಂಡಿತು. (ನಮ್ಮಲ್ಲಿ ಹಾಗಾಗಲಿಲ್ಲ. ನಮ್ಮ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಸಿನಿಮಾದ ಪ್ರತಿಯನ್ನು ವ್ಯಾಪಾರಕ್ಕಾಗಿ ಬಾಡಿಗೆಗೆ ಬಿಡುವ ಹಕ್ಕು ಇವತ್ತಿಗೂ ಮಾಲೀಕನದೇ. ನಮ್ಮೂರ ಕ್ಯಾಸೆಟ್ ಅಂಗಡಿಯವನು ಪೊಲೀಸರನ್ನು ಕಂಡರೆ ಬೆಚ್ಚುತ್ತಿದ್ದುದು ಸುಮ್ಮನೇ ಅಲ್ಲ.)

ಹಾಗಂತ ಬಾಡಿಗೆ ಅಂಗಡಿಗಳನ್ನು ದೇವಸ್ಥಾನ ಮಾಡಿ ಕೂರಿಸಬೇಕಾಗಿಲ್ಲ. 1985ರಲ್ಲಿ ಡಲ್ಲಾಸಿನಲ್ಲಿ ಶುರುವಾದ ಬ್ಲಾಕ್‌ಬಸ್ಟರ್ ಸಣ್ಣಪುಟ್ಟ ಅಂಗಡಿಗಳನ್ನು ನುಂಗುತ್ತಾ 2004ರ ಹೊತ್ತಿಗೆ ಸುಮಾರು 9,000 ಮಳಿಗೆಗಳ ಸಾಮ್ರಾಜ್ಯವಾಯಿತು. ತಡವಾಗಿ ತಂದರೆ ದಂಡ. ಅದು ಅವರ ದೊಡ್ಡ ಆದಾಯ. ಎರಡು ಪಾಳಿ ದುಡಿದು ಬಂದು, ಮಳಿಗೆ ಮುಚ್ಚುವುದರೊಳಗೆ ಓಡಲಾರದವನ ಜೇಬಿನ ಕಾಸು ಅದು.

ಆ ದಂಡವನ್ನು ಎತ್ತಿಹಾಕಿಯೇ ನೆಟ್‌ಫ್ಲಿಕ್ಸ್ ಗೆದ್ದದ್ದು. 1997ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ರೀಡ್ ಹೇಸ್ಟಿಂಗ್ಸ್, ಮಾರ್ಕ್ ರಾಂಡಾಲ್ಫ್ ಕಟ್ಟಿದ ಕಂಪನಿ ಇದು. ಕ್ಯಾಸೆಟ್ಟು ಭಾರ, ಅಂಚೆಗೆ ದುಬಾರಿ. ಅದೇ ವರ್ಷ ಅಮೆರಿಕಕ್ಕೆ ಬಂದ ಡಿವಿಡಿ ಹಗುರ, ಲಕೋಟೆಯೊಳಗೆ ಕೂರುತ್ತಿತ್ತು. 1998ರ ಮಾರ್ಚಿನಲ್ಲಿ ಮೊದಲ ಡಿಸ್ಕು ಅಂಚೆ ಡಬ್ಬಿಗೆ ಬಿತ್ತು. ಮರುವರ್ಷ ತಿಂಗಳ ಚಂದಾ ಪದ್ಧತಿ ಬಂತು: ಬೇಕಾದಷ್ಟು ದಿನ ಇಟ್ಟುಕೋ, ವಾಪಸು ಕಳಿಸಿದರೆ ಮುಂದಿನದು.

ಇಲ್ಲಿ ಕಂಪನಿಯ ಜಾಣತನವನ್ನು ಹೊಗಳುವವರು ಅಂಚೆಯವನನ್ನು ಮರೀತಾರೆ. ಅಮೆರಿಕದ ಅಂಚೆ ಇಲಾಖೆ 1896ರಿಂದ ಹಳ್ಳಿಯ ಮನೆಬಾಗಿಲಿಗೆ ಕಾಗದ ಹಂಚುತ್ತಾ ಬಂದಿತ್ತು. ಪಕ್ಕದ ಬೀದಿಗಾದರೂ ಒಂದೇ ಅಂಚೆಚೀಟಿ, ಮೊಂಟಾನಾದ ಗುಡ್ಡದ ಮೇಲಿನ ಒಂಟಿ ಮನೆಗಾದರೂ ಅದೇ. ಥಿಯೇಟರಿಲ್ಲದ, ಮಳಿಗೆಯಿಲ್ಲದ, ಇಂಟರ್ನೆಟ್ಟು ತೆವಳುವ ಊರಿಗೂ ನ್ಯೂಯಾರ್ಕಿನವನು ನೋಡುವ ಸಿನಿಮಾ ಅದೇ ದರಕ್ಕೆ ಹೋಯಿತು. ಸಾರ್ವಜನಿಕರ ಹಣದಲ್ಲಿ ಹಾಕಿದ ದಾರಿಯ ಮೇಲೆ ಖಾಸಗಿ ಕಂಪನಿ ಗಾಡಿ ಓಡಿಸಿತು ಅನ್ನಿ.

2007ರ ಜನವರಿಯಲ್ಲಿ ಸ್ಟ್ರೀಮಿಂಗ್ ಬಂತು. ಆಗ ಡಿಸ್ಕಿನ ಪಟ್ಟಿಯಲ್ಲಿ 70,000ದಷ್ಟು ಹೆಸರು, ಸ್ಟ್ರೀಮಿಂಗಿನಲ್ಲಿ ಸುಮಾರು 1,000. ಯಾಕೆ ಇಷ್ಟು ವ್ಯತ್ಯಾಸ? ಡಿಸ್ಕನ್ನು ಅಂಗಡಿಯಲ್ಲಿ ಕೊಂಡರೆ ಸಾಕು, 1908ರ ತೀರ್ಪು ಕಾಯುತ್ತದೆ. ಸ್ಟ್ರೀಮಿಂಗಿನಲ್ಲಿ ಕೊಳ್ಳುವ ವಸ್ತುವೇ ಇಲ್ಲ. ಪ್ರತಿ ಚಿತ್ರಕ್ಕೂ ಧಣಿಯ ಅಪ್ಪಣೆ ಬೇಕು, ಅಪ್ಪಣೆಗೆ ಗಡುವು ಇರುತ್ತೆ. 2012ರ ಫೆಬ್ರವರಿ ಕೊನೆಗೆ ಸ್ಟಾರ್ಜ್ ಎಂಬ ಕಂಪನಿಯ ಜೊತೆಗಿನ ಕರಾರು ಮುಗಿದದ್ದೇ ತಡ, ಡಿಸ್ನಿಯವೂ ಸೇರಿ ನೂರಾರು ಚಿತ್ರಗಳು ಒಂದೇ ಏಟಿಗೆ ಪರದೆಯಿಂದ ಮಾಯ. ಅದೇ ಕಂಪನಿಯ ಡಿಸ್ಕು ತರಿಸುತ್ತಿದ್ದವನ ಲಕೋಟೆಗೆ ಮಾತ್ರ ಏನೂ ಆಗಲಿಲ್ಲ.

ಚಂದಾದಾರರು ತಾವಾಗಿಯೇ ಸ್ಟ್ರೀಮಿಂಗನ್ನು ಆರಿಸಿಕೊಂಡರು ಅಂತಾರಲ್ಲ, ಅದು ಅರ್ಧ ನಿಜ. 2011ರ ಜುಲೈನಲ್ಲಿ ಕಂಪನಿ ಎರಡನ್ನೂ ಬೇರೆ ಮಾಡಿ ತಲಾ 7.99 ಡಾಲರ್ ದರ ಕಟ್ಟಿತು. 10 ಡಾಲರಿನಷ್ಟಿದ್ದದ್ದು 16ರ ಹತ್ತಿರಕ್ಕೆ ಹಾರಿತು. ಡಿಸ್ಕಿನ ವ್ಯಾಪಾರಕ್ಕೆ ಕ್ವಿಕ್‌ಸ್ಟರ್ ಅಂತ ಬೇರೆ ಹೆಸರಿಡಲೂ ಹೊರಟರು. ಜನ ಉಗಿದ ಮೇಲೆ ಮೂರು ನಾಲ್ಕು ವಾರದಲ್ಲಿ ಕೈಬಿಟ್ಟರು. ಒಂದೇ ತ್ರೈಮಾಸಿಕದಲ್ಲಿ 8 ಲಕ್ಷ ಚಂದಾದಾರರು ಬಿಟ್ಟುಹೋದರು. ಆದರೂ ದರ ಇಳಿಯಲಿಲ್ಲ.

ಹೋದರೆ ಹೋಗಲಿ, ನೋಡೋಕೆ ಬೇರೆ ಸಿನಿಮಾ ಇಲ್ಲವೇ ಅನ್ನಬಹುದು. ಯಾರ ಸಿನಿಮಾ ಮೊದಲು ಕಾಣೆಯಾಗುತ್ತೆ ಅಂತ ಕೇಳಿಕೊಳ್ಳಬೇಕು. ಆಸ್ಕರ್ ಮಿಷೋ ಕಪ್ಪು ಜನಾಂಗದ ನಿರ್ದೇಶಕ, ಅವನ ತಂದೆ ಹುಟ್ಟಿದ್ದು ಗುಲಾಮನಾಗಿ. ಮನೆಮನೆಗೆ ಹೋಗಿ ತನ್ನ ಕಾದಂಬರಿ ಮಾರಿದವನು. 1920ರಲ್ಲಿ 'ವಿದಿನ್ ಅವರ್ ಗೇಟ್ಸ್' ತೆಗೆದ. ಬಿಳಿಯರ ಗುಂಪು ಕಪ್ಪು ಕುಟುಂಬವನ್ನು ಹಿಡಿದು ನೇಣಿಗೆ ಹಾಕುವುದನ್ನು ಪರದೆ ಮೇಲೆ ತೋರಿಸಿದ. ಆ ಚಿತ್ರ ಅವನ ದೇಶದಲ್ಲಿ ಪೂರ್ತಿ ಕಳೆದುಹೋಯಿತು. 1970ರ ದಶಕದಲ್ಲಿ ಒಂದೇ ಒಂದು ಪ್ರತಿ ಸಿಕ್ಕಿದ್ದು ಎಲ್ಲಿ? ಸ್ಪೇನಿನ ಚಿತ್ರ ಭಂಡಾರದಲ್ಲಿ, 'ಲಾ ನೆಗ್ರಾ' ಎಂಬ ಬೇರೆ ಹೆಸರಿನಲ್ಲಿ. 1993ರಲ್ಲಿ ಅದನ್ನು ದುರಸ್ತಿ ಮಾಡಿ ಉಳಿಸಿಕೊಂಡರು. ಒಡೆಯನ ಕೈ ದಾಟಿ ಒಂದು ಪ್ರತಿ ದೂರ ಹೋಗಿ ಬಿದ್ದಿತ್ತು, ಅದಕ್ಕೇ ಬದುಕಿತು.

ಚಾರ್ಲ್ಸ್ ಬರ್ನೆಟ್‌ನ 'ಕಿಲ್ಲರ್ ಆಫ್ ಶೀಪ್' ಇನ್ನೊಂದು. ಲಾಸ್ ಏಂಜಲೀಸಿನ ವಾಟ್ಸ್ ಕೇರಿಯಲ್ಲಿ ಕುರಿ ಕಡಿಯುವ ಕೂಲಿಯವನ ಬದುಕು. ವಿದ್ಯಾರ್ಥಿಯಾಗಿದ್ದಾಗ 10,000 ಡಾಲರಿಗೂ ಕಡಿಮೆ ಖರ್ಚಿನಲ್ಲಿ ಮಾಡಿ 1977ರಲ್ಲಿ ಮುಗಿಸಿದ್ದು. ಅದರಲ್ಲಿ ಬಳಸಿದ ಹಾಡುಗಳ ಹಕ್ಕಿಗೆ ಲಕ್ಷಗಟ್ಟಲೆ ಡಾಲರ್ ಕಟ್ಟಬೇಕಾಗಿ, 30 ವರ್ಷ ಡಬ್ಬಿಯಲ್ಲೇ ಕೂತಿತ್ತು. 2007ರಲ್ಲಿ ಥಿಯೇಟರಿಗೆ ಬಂತು, ಆಮೇಲೆ ಡಿಸ್ಕಾಯಿತು. ಡಿಸ್ಕಿಗೂ ಅಪ್ಪಣೆ ಬೇಕು, ಇಲ್ಲವೆನ್ನುವುದಿಲ್ಲ. ಆದರೆ ಒಂದೇ ಸಲ. ಆಮೇಲೆ ಅದು ಯಾವ ಊರಿನ ಗ್ರಂಥಾಲಯದ ಕಪಾಟಿನಲ್ಲಿ ಕೂತರೂ ಎಳೆದುಕೊಂಡು ಹೋಗುವವರಿಲ್ಲ. 1972ರಲ್ಲಿ ಮುಂಬಯಿಯಲ್ಲಿ ದಲಿತ ಪ್ಯಾಂಥರ್ ಕಟ್ಟಿದವರು ಹೆಸರನ್ನೇ ಕಪ್ಪು ಜನರ ಚಳವಳಿಯಿಂದ ತಂದರು. ಆ ಜನರ ಸಿನಿಮಾ ಇಷ್ಟು ತಡವಾಗಿ ಸಿಕ್ಕಿತೆನ್ನುವುದು ನಮಗೂ ಸಂಬಂಧಪಟ್ಟ ವಿಷಯವೇ.

ಗ್ರಂಥಾಲಯದ ಮಾತು ಬಂತು. ಡಿಸ್ಕು ಒಮ್ಮೆ ಕೊಂಡರೆ ನೂರು ಜನಕ್ಕೆ ಪುಕ್ಕಟೆ ಕೊಡಬಹುದು. ಕ್ಯಾನಪಿ ಎಂಬ ಸ್ಟ್ರೀಮಿಂಗ್ ಸೇವೆಯಲ್ಲಿ ಓದುಗ ಪ್ರತಿ ಸಲ ಚಿತ್ರ ನೋಡಿದರೂ ಗ್ರಂಥಾಲಯ ಕಾಸು ಕಟ್ಟಬೇಕಿತ್ತು. ಖರ್ಚು ತಾಳದೆ 2019ರ ಜುಲೈನಿಂದ ನ್ಯೂಯಾರ್ಕಿನ ಸಾರ್ವಜನಿಕ ಗ್ರಂಥಾಲಯಗಳೇ ಅದನ್ನು ನಿಲ್ಲಿಸಿದವು. ನ್ಯೂಯಾರ್ಕಿನ ಗತಿಯೇ ಹೀಗಾದರೆ!

ಬರೆಯುವ ಕೂಲಿಗಳಿಗೂ ಇದೇ ಪೆಟ್ಟು. ಡಿಸ್ಕು ಮಾರಿದರೆ ಲೆಕ್ಕ ಸಿಗುತ್ತಿತ್ತು. ಕಥೆಗಾರನಿಗೆ ಬರುತ್ತಿದ್ದದ್ದು ಒಂದಕ್ಕೆ ಸುಮಾರು 4 ಸೆಂಟು, ಆದರೂ ಲೆಕ್ಕ ಲೆಕ್ಕವೇ. ಸ್ಟ್ರೀಮಿಂಗಿನಲ್ಲಿ ಎಷ್ಟು ಜನ ನೋಡಿದರೆಂಬುದೇ ಕಂಪನಿಯ ಗುಟ್ಟು. 2023ರ ಮೇ 2ರಿಂದ ಹಾಲಿವುಡ್ ಬರಹಗಾರರು ಮುಷ್ಕರ ಹೂಡಿದ್ದಕ್ಕೆ ಇದೂ ಒಂದು ಕಾರಣ. ಅದೇ ತಿಂಗಳು ಡಿಸ್ನಿ ಪ್ಲಸ್ ತಾನೇ ತಯಾರಿಸಿದ ಹತ್ತಾರು ಚಿತ್ರ, ಧಾರಾವಾಹಿಗಳನ್ನು ಪರದೆಯಿಂದ ಕಿತ್ತುಹಾಕಿತು. ಕೆಲವಕ್ಕೆ ಡಿಸ್ಕೇ ಇರಲಿಲ್ಲ. ಸೆಪ್ಟೆಂಬರ್ 27ಕ್ಕೆ ಮುಷ್ಕರ ಮುಗಿಯಿತು. ನೋಡಿದ ಗಂಟೆಗಳ ಲೆಕ್ಕವನ್ನು ಸಂಘಕ್ಕೆ ಕೊಡಲು ಕಂಪನಿಗಳು ಒಪ್ಪಬೇಕಾಯಿತು.

ಎರಡೇ ದಿನದ ಮೇಲೆ, ಸೆಪ್ಟೆಂಬರ್ 29ರಂದು, ನೆಟ್‌ಫ್ಲಿಕ್ಸ್ ಕೊನೆಯ ಡಿಸ್ಕುಗಳನ್ನು ಅಂಚೆಗೆ ಹಾಕಿತು. 25 ವರ್ಷದಲ್ಲಿ ಕಳಿಸಿದ್ದು 520 ಕೋಟಿಗೂ ಹೆಚ್ಚು. ಮರುವರ್ಷ, ಕಿರಾಣಿ ಅಂಗಡಿಗಳ ಮುಂದೆ ಪೆಟ್ಟಿಗೆ ನಿಲ್ಲಿಸಿ ಡಿಸ್ಕು ಬಾಡಿಗೆಗೆ ಕೊಡುತ್ತಿದ್ದ ರೆಡ್‌ಬಾಕ್ಸ್ ದಿವಾಳಿಯೆದ್ದಿತು. ಸಿಯಾಟಲ್ ನಗರದ ಸ್ಕೇರ್‌ಕ್ರೋ ವಿಡಿಯೋ 2014ರಲ್ಲಿ ಲಾಭಕ್ಕಲ್ಲದ ಸಂಸ್ಥೆಯಾಗಿ ಬದಲಾಗಿ, 1,40,000ಕ್ಕೂ ಹೆಚ್ಚು ಚಿತ್ರಗಳನ್ನು ಕಾಪಾಡಿಕೊಂಡಿದೆ. 2024ರಲ್ಲಿ ಬಾಗಿಲು ಮುಚ್ಚದಿರಲು ಜನರ ಮುಂದೆ ಕೈಚಾಚಿತು. ದೂರದೂರಿನವರು ಕೇಳಿದರೆ ಅಂಚೆಯಲ್ಲೂ ಕಳಿಸುತ್ತದೆ. ನೆಟ್‌ಫ್ಲಿಕ್ಸಿನ ಕೊನೆಯ ಲಕೋಟೆಗಳು ಬಂದ ಮನೆಗಳಲ್ಲಿ ಆ ಡಿಸ್ಕುಗಳು ಹಾಗೇ ಉಳಿದವು. ಕಂಪನಿ ವಾಪಸು ಕೇಳಲಿಲ್ಲ.