ಟಿಪ್ಪು ಅರಮನೆಯ ಅಚ್ಚುಚಿತ್ರಗಳು, ಬೆಂಗಳೂರು

ಬೆಂಗಳೂರು ಕೋಟೆಯೊಳಗಿನ ಅರಮನೆಯನ್ನು 1791–92ರ ಮೈಸೂರು ಯುದ್ಧದ ಕಾಲದಲ್ಲಿ ಬ್ರಿಟಿಷ್ ಸೈನಿಕ ಚಿತ್ರಕಾರರು ಕಂಡು ಬರೆದ, ಮುಂದೆ ಲಂಡನ್ನಿನಲ್ಲಿ ತಾಮ್ರದ ತಗಡುಗಳಿಂದ ಅಚ್ಚಾದ ಚಿತ್ರಗಳು. ಅಚ್ಚಿನ ಮೇಲಿರುವ ಇಸವಿಯನ್ನೇ ಚಿತ್ರದ ಕಾಲವೆಂದು ತಿಳಿಯುವುದರಿಂದ ಇವುಗಳ ಬಗ್ಗೆ ಗೊಂದಲ ಹುಟ್ಟುತ್ತದೆ.

ಹಿನ್ನೆಲೆ: ಹೈದರಾಲಿ 1781ರಲ್ಲಿ ಆರಂಭಿಸಿದ ಅರಮನೆಯನ್ನು ಟಿಪ್ಪು 1791ರಲ್ಲಿ ಮುಗಿಸಿದನು. ಅದೇ ವರ್ಷದ ಮಾರ್ಚಿನಲ್ಲಿ ಬ್ರಿಟಿಷ್ ಗವರ್ನರ್ ಜನರಲ್ ಕಾರ್ನ್‌ವಾಲಿಸನ ಸೇನೆ ಕೋಟೆಯನ್ನು ಹಿಡಿಯಿತು. ಸೇನೆಯೊಂದಿಗಿದ್ದ ರಾಬರ್ಟ್ ಹೋಮ್, ಅಲೆಕ್ಸಾಂಡರ್ ಅಲನ್, ರಾಬರ್ಟ್ ಕೋಲ್‌ಬ್ರೂಕ್ ಮೈಸೂರು ಸೀಮೆಯ ನೋಟಗಳನ್ನು ಬರೆದರು. ಹೋಮನ ಸಂಪುಟ 1794ರಲ್ಲಿ ಹೊರಬಂತು.

ಹಂಟರನ ಚಿತ್ರಗಳು: ಅರಮನೆಯನ್ನು ಹತ್ತಿರದಿಂದ ತೋರಿಸುವವು ಫಿರಂಗಿ ದಳದ ಲೆಫ್ಟಿನೆಂಟ್ ಜೇಮ್ಸ್ ಹಂಟರನವು. ಆತ 1792ರಲ್ಲೇ ತೀರಿಕೊಂಡ. ಪ್ರಕಾಶಕ ಎಡ್ವರ್ಡ್ ಓರ್ಮ್ ಅವನ ಚಿತ್ರಗಳನ್ನು ತಾಮ್ರದ ತಗಡಿನ ಮೇಲೆ ಆಮ್ಲದಿಂದ ಛಾಯೆ ಮೂಡಿಸುವ ಅಕ್ವಾಟಿಂಟ್ ವಿಧಾನದಲ್ಲಿ ಅಚ್ಚುಹಾಕಿಸಿ, ಬಣ್ಣ ತುಂಬಿಸಿ, 1804–05ರಲ್ಲಿ ಹೊರತಂದ. ಅಷ್ಟರಲ್ಲಿ ಟಿಪ್ಪು ಮಡಿದು (4 ಮೇ 1799) ಐದು ವರ್ಷ ಕಳೆದಿತ್ತು. ಆದ್ದರಿಂದ ಅಚ್ಚಿನಲ್ಲಿ 1804 ಎಂದಿದ್ದರೂ ಕಾಣುವುದು ಆ ವರ್ಷದ ಅರಮನೆಯಲ್ಲ. ಹೊಸದಾಗಿ ಮುಗಿದು ಕೆಲವೇ ಕಾಲದಲ್ಲಿ ಶತ್ರುವಿನ ವಶವಾದ ಅರಮನೆ. ಬಣ್ಣಗಳೂ ಲಂಡನ್ನಿನ ಕುಶಲಕರ್ಮಿಗಳ ಕೈಕೆಲಸ. ಗೋಡೆಯ ನಿಜವಾದ ಬಣ್ಣಕ್ಕೆ ಅವನ್ನಷ್ಟೇ ಸಾಕ್ಷಿಯಾಗಿ ಹಿಡಿಯಲಾಗದು.

ಸಾಕ್ಷ್ಯದ ಮೌಲ್ಯ: ಅಚ್ಚುಚಿತ್ರವೆಂದರೆ ಕಣ್ಣಾರೆ ಕಂಡದ್ದೇ ಎಂಬ ನಿಯಮವಿಲ್ಲ. ವಿಯೆನ್ನಾದ ಷೋನ್‌ಬ್ರುನ್ ಬರೋಕ್ ಅರಮನೆಗೆ ವಾಸ್ತುಶಿಲ್ಪಿ ಫಿಶರ್ ಫಾನ್ ಎರ್ಲಾಖ್ ಹಾಕಿದ ಮೊದಲ ಭವ್ಯ ನಕ್ಷೆ 1721ರ ಅವನ ಗ್ರಂಥದಲ್ಲಿ ಅಚ್ಚಾಗಿದೆ. ಆ ನಕ್ಷೆಯಂತೆ ಕಟ್ಟಡ ಎಂದೂ ಏಳಲೇ ಇಲ್ಲ. ಆದರೆ ಬೆಂಗಳೂರಿನ ಚಿತ್ರಗಳನ್ನು ಬೇರೆ ದಾಖಲೆಯೊಂದಿಗೆ ಹೋಲಿಸಬಹುದು. 1800ರಲ್ಲಿ ಇಲ್ಲಿಗೆ ಬಂದ ಸಮೀಕ್ಷಕ ಫ್ರಾನ್ಸಿಸ್ ಬುಕಾನನ್, ಮಣ್ಣಿನಿಂದ ಕಟ್ಟಿದ್ದರೂ ಅರಮನೆಗೆ ಒಂದು ಗಾಂಭೀರ್ಯವಿದೆ ಎಂದೂ, ಮಹಡಿಯ ಸಭಾಂಗಣಗಳಿಗೆ ದೊರೆ ಕೂರುವ ಮೊಗಸಾಲೆಗಳಿವೆ ಎಂದೂ ಬರೆದಿದ್ದಾನೆ. ಈ ಮೊಗಸಾಲೆಗಳನ್ನೂ ಮರದ ಕಂಬಗಳನ್ನೂ ಕಮಾನುಗಳನ್ನೂ ಇಂದಿಗೂ ನೋಡಬಹುದು.

ನಂತರ: 1831ರ ಬಳಿಕ ಇಲ್ಲಿ ಸರ್ಕಾರಿ ಕಚೇರಿಗಳು ನೆಲೆಸಿ, 1868ರಲ್ಲಿ ಅಠಾರಾ ಕಚೇರಿ ಕಟ್ಟಡಕ್ಕೆ ಹೋದವು. ಈಗ ಅರಮನೆ ಸಂರಕ್ಷಿತ ಸ್ಮಾರಕ. ಕೋಟೆಯ ಬಹುಭಾಗ ಅಳಿದು ದೆಹಲಿ ಬಾಗಿಲಿನಂಥ ತುಣುಕುಗಳಷ್ಟೇ ಉಳಿದಿವೆ. ಹೀಗಾಗಿ ಅರಮನೆಯ ಮುಂದಿನ ಬಯಲನ್ನೂ ಕೋಟೆಯೊಳಗಿನ ಬೀದಿಗಳನ್ನೂ ಅರಿಯಲು ಹಂಟರನ ಚಿತ್ರಗಳು ಅಮೂಲ್ಯ. ಅವನ್ನು ಬಳಸುವವರು ಬರೆದ ಕಾಲ, ಅಚ್ಚಾದ ಕಾಲ ಎರಡನ್ನೂ ಬೇರೆಬೇರೆಯಾಗಿ ನಮೂದಿಸಬೇಕು.